105ಕ್ಕೆ 205 ಕೂಡಿಸಿದ್ರೆ 230

ಸಾಗರದಲ್ಲಿ ಬೆಳಗಿಂದ ಜಡಿಮಳೆ, ಡಿಪ್ಲೊಮಾ ಓದೋ ಅಕ್ಕನ ಮಗ ಕೊಟ್ಟಿಗೆಯ ಹಳೇ ಟ್ಯೂಬ್‌ಲೈಟಿಗೆ ಮಲ್ಟಿಮೀಟರ್ ಹಿಡ್ಕೊಂಡು ಕೂತಿದ್ದ. ಟ್ಯೂಬಿಗೆ 105 ವೋಲ್ಟ್, ಅದರ ಜೊತೆ ಒಂದೇ ಸಾಲಲ್ಲಿರೋ ಚೋಕಿಗೆ (ಕಬ್ಬಿಣದ ಮೇಲೆ ಸುತ್ತಿದ ತಂತಿ ಸುರುಳಿ) 205, ಲೈನಲ್ಲಿ ಬರೋದು ಮಾತ್ರ 230.

"ಮಾವ, 310 ಬರ್ಬೇಕಲ್ವಾ, ಮೀಟರ್ ಹೋಗಿದೆ."

ಮೀಟರ್ ಸರೀನೇ ಇದೆ ಮಾರಾಯ, ಎರಡೂ ಒಂದೇ ಹೊತ್ತಿಗೆ ತುದಿ ಮುಟ್ಟಲ್ಲ, ಟ್ಯೂಬಿನ ವೋಲ್ಟೇಜು ಹೆಚ್ಚುಕಮ್ಮಿ ಕರೆಂಟಿನ ಜೊತೆಗೇ ಹೋಗುತ್ತೆ, ಚೋಕಿಂದು ಕಾಲು ಸುತ್ತು ಮುಂದೆ, ಅದಕ್ಕೆ ಎರಡನ್ನೂ ವರ್ಗ ಮಾಡಿ ಕೂಡ್ಸಿ ವರ್ಗಮೂಲ ತೆಗಿ ಅಂದೆ. ತೆಗೆದ. 230! ಮುಖ ನೋಡ್ಬೇಕಿತ್ತು.

ಪೈಥಾಗರಸ್ ಯಾಕೆ ಕಲೀಬೇಕು ಅಂತ ಕೇಳೋರನ್ನ ಕೊಟ್ಟಿಗೆಗೆ ಕರ್ಕೊಂಡ್ ಬರ್ಬೇಕು ಅನ್ಸ್ತು.

ಚೋಕು ಕರೆಂಟಿಗೆ ಹೀಗೆ ಒಡ್ಡೋ ತಡೆ, ರಿಯಾಕ್ಟೆನ್ಸ್ ಅಂತಾರಲ್ಲ, ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡೋದಕ್ಕೇ ಹುಟ್ಟೋದು. ಬ್ಯಾಟರಿಗೆ ಹಾಕಿದ್ರೆ ಅದು ಬರೀ ಸುತ್ತಿದ ತಂತಿ.