ಐದಡಿ ಗಲ್ಲಿಯಿಂದ ಮೂವತ್ತಡಿ ಮೇಲಿನ ತಾರಸಿಗೆ

ಬೆಂಗಳೂರಿನ ಕಾಟನ್‌ಪೇಟೆಯ ನಮ್ಮ ಮನೆಗೆ ಹೋಗುವ ಗಲ್ಲಿಯ ಅಗಲ ಐದಡಿ. ಎದುರಿನಿಂದ ಸ್ಕೂಟರ್ ಬಂದರೆ ನಡೆದು ಹೋಗುವವರು ಯಾರದಾದರೂ ಮನೆಯ ಮೆಟ್ಟಿಲು ಹತ್ತಿ ನಿಲ್ಲಬೇಕು. ಕೆಳಮನೆ, ಅದರ ಮೇಲೆ ಎರಡು ಅಂತಸ್ತು, ಅದಕ್ಕೂ ಮೇಲೆ ಸುಮಾರು ಮೂವತ್ತಡಿ ಎತ್ತರದಲ್ಲಿ ತಾರಸಿ. ಒಳಗಿನ ಮೆಟ್ಟಿಲ ಅಗಲ ಎರಡೂಕಾಲು ಅಡಿ. ಕೊನೆಯ ಹದಿನಾಲ್ಕು ಮೆಟ್ಟಿಲು ಕಬ್ಬಿಣದ ಸುರುಳಿ. ಇಂಥ ತಾರಸಿಯ ಮೇಲೆ ಹತ್ತಡಿಗೆ ಎಂಟಡಿಯ, ಶೀಟು ಹೊದಿಸಿದ ಒಂದು ಚಿಕ್ಕ ಕೋಣೆ ಕಟ್ಟಿಸಬೇಕೆಂದು ಹೊರಟಾಗ, ಕಟ್ಟುವ ಕೆಲಸಕ್ಕಿಂತ ಸಾಮಾನು ಹತ್ತಿಸುವ ಕೆಲಸವೇ ದೊಡ್ಡದೆಂಬುದು ನನಗೆ ಹೊಳೆದಿರಲಿಲ್ಲ.

ಮೇಸ್ತ್ರಿ ಕೊಟ್ಟ ಚೀಟಿಯಲ್ಲಿ ನಾಲ್ಕಂಗುಲದ ಸಾಲಿಡ್ ಬ್ಲಾಕ್ 300, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) 60 ಘನ ಅಡಿ, ಸಿಮೆಂಟ್ 15 ಮೂಟೆ ಎಂದಿತ್ತು. ಎಲ್ಲರೂ ಇದನ್ನು ಹಣದ ಲೆಕ್ಕದಲ್ಲಿ ಓದುತ್ತಾರೆ. ನಾನು ಆ ರಾತ್ರಿ ತೂಕದ ಲೆಕ್ಕದಲ್ಲಿ ಓದಿದೆ. ಬ್ಲಾಕ್ ಒಂದಕ್ಕೆ ಸುಮಾರು 17 ಕಿಲೋ, ಅಂದರೆ ಐದು ಟನ್ನು. ಮರಳು ಘನ ಮೀಟರಿಗೆ 1,600 ಕಿಲೋ ಎಂದು ಹಿಡಿದರೂ ಎರಡೂಮುಕ್ಕಾಲು ಟನ್ನು. ಸಿಮೆಂಟ್ ಮುಕ್ಕಾಲು ಟನ್ನು. ಒಟ್ಟು ಎಂಟೂವರೆ ಟನ್ನನ್ನು ಇಪ್ಪತ್ತೈದು ಕಿಲೋದ ಹೊರೆಗಳಾಗಿ ಒಡೆದರೆ ಮುನ್ನೂರ ನಲವತ್ತು ಸಲ ಹತ್ತಿ ಇಳಿಯಬೇಕು, ಅದೂ ಆ ಸುರುಳಿ ಮೆಟ್ಟಿಲಿನಲ್ಲಿ.

ಆದ್ದರಿಂದ ಮೊದಲು ಮಾಡಿದ್ದು ಹತ್ತಿಸುವ ಉಪಾಯ ಹುಡುಕುವುದನ್ನಲ್ಲ, ಹತ್ತಿಸಬೇಕಾದ್ದನ್ನು ಕಡಿಮೆ ಮಾಡುವುದನ್ನು. ಸಾಲಿಡ್ ಬ್ಲಾಕಿನ ಬದಲು ಅಷ್ಟೇ ದಪ್ಪದ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಗಾಳಿಗುಳ್ಳೆಗಳಿರುವ ಕಾಂಕ್ರೀಟ್ ಬ್ಲಾಕ್, ಆರಿಸಿದೆವು. ಎರಡಡಿ ಉದ್ದದ ಈ ಹಗುರ ಬ್ಲಾಕು ಒಂದಕ್ಕೆ ಏಳೆಂಟು ಕಿಲೋ ತೂಗುತ್ತದೆ. ಅಳತೆಯಲ್ಲಿ ದೊಡ್ಡದಾದ್ದರಿಂದ ಅದೇ ಗೋಡೆಗೆ 200 ಸಾಕು. ಇವುಗಳನ್ನು ತೆಳುವಾದ ಅಂಟುಗಾರೆಯಿಂದ ಜೋಡಿಸುವುದರಿಂದ ಮರಳೂ ಸಿಮೆಂಟೂ ಇಳಿದವು. ಒಟ್ಟು ತೂಕ ನಾಲ್ಕು ಟನ್ನಿನೊಳಗೆ ಬಂತು. ಮೇಸ್ತ್ರಿಗೆ ಮಾತ್ರ ಇದು ಕಡೆಯವರೆಗೂ ಒಪ್ಪಿಗೆಯಾಗಲಿಲ್ಲ. ಮೊಳೆ ಹೊಡೆದರೆ ನಿಲ್ಲದ ಗೋಡೆ ಗೋಡೆಯೇ ಅಲ್ಲವೆಂಬುದು ಅವರ ವಾದ. ಈ ಬ್ಲಾಕಿಗೆ ಇನ್ನೊಂದು ದೋಷವೂ ಉಂಟು: ಮಳೆಗೆ ಒಡ್ಡಿದರೆ ಸ್ಪಂಜಿನಂತೆ ನೀರು ಕುಡಿದು ಭಾರವಾಗುತ್ತದೆ. ಟಾರ್ಪಾಲು ಹೊದಿಸದೆ ಒಂದು ರಾತ್ರಿಯೂ ಬಿಡುವಂತಿಲ್ಲ.

ಅಂಗಡಿಯವರ ಮಾತಿನಲ್ಲಿ 'ಮನೆ ಬಾಗಿಲಿಗೆ' ಎಂದರೆ ಗಲ್ಲಿಯ ಬಾಯಿಗೆ. ಅಲ್ಲಿಂದ ನಮ್ಮ ಬಾಗಿಲಿಗೆ ನಲವತ್ತು ಮೀಟರ್. ಮಾರುಕಟ್ಟೆಯ ಕಡೆಯಿಂದ ಒಬ್ಬ ತಳ್ಳುಗಾಡಿಯವರನ್ನು ಕರೆತಂದೆವು. ಹಗಲಿನ ಜನಜಂಗುಳಿಗೆ ಮುಂಚೆ, ಬೆಳಗಿನ ಆರು ಗಂಟೆಯೊಳಗೆ ಲಾರಿ ಬಂದು ಹೋಗಿ, ಎಂಟರೊಳಗೆ ಗಲ್ಲಿ ಖಾಲಿಯಾಗಬೇಕೆಂಬುದು ನೆರೆಯವರೊಂದಿಗೆ ಆದ ಒಪ್ಪಂದ.

ಇನ್ನು ಮೇಲಕ್ಕೆ. ಮನೆಯ ಮುಂಭಾಗದಲ್ಲಿ ಮೊದಲ ಅಂತಸ್ತಿನ ಸಜ್ಜೆಯಿಂದ ಕೈಗೆಟಕುವಷ್ಟು ದೂರದಲ್ಲೇ ವಿದ್ಯುತ್ ತಂತಿಗಳು ಹಾದುಹೋಗಿವೆ. ಆ ಕಡೆ ಹಗ್ಗ ಇಳಿಬಿಡುವ ಮಾತೇ ಇಲ್ಲ. ಹಿಂದುಗಡೆ ನಮಗೂ ಪಕ್ಕದ ಮನೆಯವರಿಗೂ ಸೇರಿದ, ಎಂಟಡಿಗೆ ಆರಡಿಯ ಹಿತ್ತಲಿದೆ. ತಂತಿಯಿಲ್ಲ, ಮೇಲೆ ಬರೀ ಆಕಾಶ. ರಾಟೆ ಅಲ್ಲಿಗೆ ಬಂತು.

ಮೇಸ್ತ್ರಿ ಎಲ್ಲ ಕಡೆಯೂ ಮಾಡುವಂತೆ ಸಾರುವೆ ಮರವನ್ನು ಪ್ಯಾರಪೆಟ್ಟಿನ ಮೇಲೆ ಒರಗಿಸಿ ರಾಟೆ ಕಟ್ಟಲು ಹೋದರು. ನಾನು ತಡೆದೆ. ನಾಲ್ಕೂವರೆ ಅಂಗುಲದ ಪ್ಯಾರಪೆಟ್ ಗೋಡೆ ಮನುಷ್ಯರು ಬೀಳದಂತೆ ಕಟ್ಟಿದ್ದೇ ಹೊರತು ಭಾರ ತೂಗಿಹಾಕುವುದಕ್ಕಲ್ಲ. ಇದಕ್ಕಿಂತ ಮುಖ್ಯವಾದ, ಯಾರಿಗೂ ಥಟ್ಟನೆ ನಂಬಿಕೆಯಾಗದ ಸಂಗತಿ ಇನ್ನೊಂದಿದೆ. ಕೆಳಗೆ ನಿಂತವರು ಒಂದೇ ರಾಟೆಯ ಹಗ್ಗವನ್ನು ಜಗ್ಗಿ ಐವತ್ತು ಕಿಲೋದ ಮೂಟೆ ಎತ್ತುವಾಗ ರಾಟೆಯ ಮೇಲೆ ಬೀಳುವ ಭಾರ ಐವತ್ತಲ್ಲ, ನೂರು ಕಿಲೋ. ಮೂಟೆಯದೊಂದು ಐವತ್ತು, ಜಗ್ಗುವವರದೊಂದು ಐವತ್ತು. ಮರ ಎರಡಡಿ ಹೊರಚಾಚಿ, ಆಸರೆಯ ಹಿಂದೆ ಆರಡಿ ಉಳಿದಿದ್ದರೆ ಬಾಲದ ತುದಿಗೆ ಮೂವತ್ತಮೂರು ಕಿಲೋ ಹೇರಿದಾಗ ತಕ್ಕಡಿ ಸಮವಾಗುತ್ತದೆ. ಆದರೆ ಹಗ್ಗವನ್ನು ಯಾರೂ ಸಮನಾಗಿ ಎಳೆಯುವುದಿಲ್ಲ, ಪ್ರತಿ ಜಗ್ಗಿಗೂ ಭಾರ ಏರುತ್ತದೆ. ಹೀಗಾಗಿ ಪ್ಯಾರಪೆಟ್ಟಿನ ಒಳಬದಿಗೆ, ಕೆಳಗಿನ ಗೋಡೆಯ ನೇರಕ್ಕೆ, ಪ್ಯಾರಪೆಟ್ಟಿಗಿಂತ ಎತ್ತರದ ಮರದ ಕುದುರೆ (ಕಾಲುಗಳಿರುವ ಆಸರೆ) ಇಟ್ಟು ಅದರ ಮೇಲೆ ಕಬ್ಬಿಣದ ತೊಲೆ ಹಾಯಿಸಿ, ಬಾಲಕ್ಕೆ ಮರಳು ತುಂಬಿದ ಆರು ಚೀಲ, ಅಂದರೆ 150 ಕಿಲೋ, ಬಿಗಿದು ಕಟ್ಟಿದೆವು. ಸಿಮೆಂಟನ್ನೂ ಅರ್ಧರ್ಧ ಚೀಲ ಮಾಡಿ ಎತ್ತಿದೆವು.

ಮೊದಲ ದಿನವೇ ಒಂದು ಚೀಲ ಎರಡನೆಯ ಅಂತಸ್ತಿನ ಸಜ್ಜೆಯ ಅಡಿಗೆ ಸಿಕ್ಕಿ ಹರಿದು, ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಯ ಮೇಲೆಲ್ಲ ಮರಳು ಸುರಿಯಿತು. ಕೆಳಗೆ ಯಾರೂ ಇರಲಿಲ್ಲ. ಭಾರದ ಅಡಿ ನಿಲ್ಲಕೂಡದೆಂಬ ಒಂದು ನಿಯಮವನ್ನಾದರೂ ಪಾಲಿಸಿದ್ದೆವು. ಬಟ್ಟೆಗಳನ್ನು ನಾವೇ ಒಗೆಸಿಕೊಟ್ಟೆವು. ಆಮೇಲೆ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಚೀಲದ ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟಿ, ಹಿತ್ತಲಿನ ಮೂಲೆಯಲ್ಲಿ ನಿಂತು ಅದನ್ನು ಗೋಡೆಯಿಂದ ಹೊರಕ್ಕೆ ಸೆಳೆದು ಹಿಡಿಯುತ್ತ ಹೋದಳು. ನನ್ನ ಲೆಕ್ಕದ ಪುಸ್ತಕದಲ್ಲಿ ಈ ಅಡ್ಡಹಗ್ಗ ಇರಲೇ ಇಲ್ಲ.

ಸಾಮಾನು ಮೇಲೆ ಬಂತು, ಇನ್ನು ನಿಶ್ಚಿಂತೆ ಎಂದುಕೊಳ್ಳುವ ಹೊತ್ತಿಗೇ ನಿಜವಾದ ಅಪಾಯ ಇರುವುದು. ಜನ ಓಡಾಡುವ ತಾರಸಿಗೆ, ಕಟ್ಟಡಗಳ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875 ಗಣಿಸುವ ಚರಭಾರ (ಜನ, ಸಾಮಾನಿನಂತೆ ಬಂದುಹೋಗುವ ಭಾರ) ಚದರ ಮೀಟರಿಗೆ ಸುಮಾರು 150 ಕಿಲೋ. ಮರಳನ್ನು ಬರೀ ಹತ್ತು ಸೆಂಟಿಮೀಟರ್ ದಪ್ಪಕ್ಕೆ ಹರಡಿದರೂ 160 ಕಿಲೋ ಆಗುತ್ತದೆ. ಸಿಮೆಂಟ್ ಮೂಟೆಗಳನ್ನು ಒಂದೇ ಸಾಲು ಒತ್ತೊತ್ತಾಗಿ ಮಲಗಿಸಿದರೂ ಹೆಚ್ಚುಕಡಿಮೆ ಅಷ್ಟೇ. ಹೀಗಿರುವಾಗ ಎದೆಯೆತ್ತರದ ಮರಳ ಗುಡ್ಡೆಯನ್ನು ಕೋಣೆಯ ನಡುಮಧ್ಯದ ನೆತ್ತಿಯ ಮೇಲೆ ಸುರಿದ ಮನೆಗಳನ್ನು ನಾನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ನಾವು ಕೆಳಗಿನ ಗೋಡೆಗಳು ಹಾದುಹೋಗುವ ಜಾಗವನ್ನು ತಾರಸಿಯ ಮೇಲೆ ಸುಣ್ಣದ ಗೆರೆಯಿಂದ ಗುರುತಿಸಿ, ಆ ಗೆರೆಗಳ ಉದ್ದಕ್ಕೂ ಮಾತ್ರ ಸಾಮಾನು ಇಟ್ಟೆವು. ಮರಳನ್ನು ಅಂದಂದಿನ ಕೆಲಸಕ್ಕೆ ಬೇಕಾದಷ್ಟೇ ಎತ್ತಿಸಿದೆವು. ಉಳಿದದ್ದು ಹಿತ್ತಲಿನಲ್ಲೇ ಇತ್ತು. ಗಲ್ಲಿಯ ಬೆಕ್ಕುಗಳು ಅದನ್ನು ತಮ್ಮದೆಂದೇ ಭಾವಿಸಿದ್ದವು.

ಶೀಟುಗಳದು ಬೇರೆಯೇ ಪ್ರಶ್ನೆ. ಭಾರ ಏನೂ ಇಲ್ಲ, ಆದರೆ ಹತ್ತಡಿಗೂ ಹೆಚ್ಚು ಉದ್ದ. ಮೆಟ್ಟಿಲ ತಿರುವಿನಲ್ಲಿ ತಿರುಗುವುದಿಲ್ಲ. ಗಾಳಿ ಬೀಸಿದರೆ ಹಾಯಿಯಂತೆ ಉಬ್ಬಿ ಎಳೆಯುವವರನ್ನೇ ಎಳೆಯುತ್ತವೆ. ಗಾಳಿಯಿಲ್ಲದ ಒಂದು ಬೆಳಿಗ್ಗೆ ಒಂದೊಂದನ್ನೇ ನೆಟ್ಟಗೆ ನಿಲ್ಲಿಸಿ ಕಟ್ಟಿ ಎತ್ತಿದ್ದಾಯಿತು.

ಕೋಣೆ ಮುಗಿದು ಎರಡು ತಿಂಗಳಾಯಿತು. ರಾಟೆಯನ್ನು ಮೇಸ್ತ್ರಿ ಒಯ್ದರು. ಎಂಟಡಿಯ ಆ ಕಬ್ಬಿಣದ ತೊಲೆ ಮಾತ್ರ ಸುರುಳಿ ಮೆಟ್ಟಿಲಿನಲ್ಲಿ ಇಳಿಯುವುದಿಲ್ಲ, ಹಿತ್ತಲಿಗೆ ಇಳಿಬಿಡೋಣವೆಂದರೆ ಅದನ್ನು ಹಿಡಿಯಲು ಇನ್ನೊಂದು ತೊಲೆ ಬೇಕು. ಸದ್ಯ ಅಮ್ಮ ಅದರ ಮೇಲೆ ಬೆಡ್‌ಶೀಟು ಒಣಹಾಕುತ್ತಿದ್ದಾರೆ.