ಉಗಿ ಟ್ರ್ಯಾಕ್ಷನ್ ಎಂಜಿನ್ ಕಿಟ್: ಬಾಯ್ಲರಿನ ನೀರೊತ್ತಡ ಪರೀಕ್ಷೆ ಮುಗಿಯಿತು

ಇಂಗ್ಲೆಂಡಿನ ಹವ್ಯಾಸಿ ಎಂಜಿನಿಯರಿಂಗ್ ಸಾಮಗ್ರಿಯ ಮಾರಾಟಗಾರರಿಂದ ತರಿಸಿದ ಕಿಟ್‌ನ ಮೂರನೆಯ ಹಾಗೂ ಕೊನೆಯ ಪೆಟ್ಟಿಗೆ ಮೇ ತಿಂಗಳ ಕೊನೆಯಲ್ಲಿ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಗೆ ಬಂದಿತು. ಒಕ್ಕಣೆ ಯಂತ್ರಗಳನ್ನು ಪಟ್ಟೆ ಹಾಕಿ ತಿರುಗಿಸುತ್ತಿದ್ದ, ಭಾರದ ಬಂಡಿಗಳನ್ನು ರಸ್ತೆಯಲ್ಲಿ ಎಳೆಯುತ್ತಿದ್ದ ಹಳೆಯ ಉಗಿ ಎಂಜಿನ್ನಿನ ಮಾದರಿ ಇದು; 1 ಅಡಿಗೆ 1 ಇಂಚು, ಅಂದರೆ ಮೂಲದ 12ರಲ್ಲಿ ಒಂದು ಭಾಗದಷ್ಟು ಅಳತೆ.

ಕೊಳ್ಳುವ ಮುನ್ನ ನಾನು ಬಹಳ ದಿನ ಯೋಚಿಸಿದ್ದು ಕಿಟ್‌ನ ಬಗೆಯನ್ನು ಕುರಿತು. ಎಲ್ಲ ಬಿಡಿಭಾಗಗಳನ್ನೂ ಕಡೆದು ಸಿದ್ಧಪಡಿಸಿ ಕೊಡುವ ಕಿಟ್ ಒಂದು ಬಗೆ; ಅದಕ್ಕೆ ಸ್ಪ್ಯಾನರು, ಅರ ಮತ್ತು ತಾಳ್ಮೆ ಸಾಕು. ಒರಟು ಎರಕಗಳನ್ನೂ ನಕ್ಷೆಗಳನ್ನೂ ಕೊಟ್ಟು ಉಳಿದುದನ್ನು ನಮಗೇ ಬಿಡುವುದು ಇನ್ನೊಂದು ಬಗೆ. ಅದಕ್ಕೆ ಲೇಥ್ ಬೇಕೇ ಬೇಕು. ಫೌಂಡ್ರಿಗಳಿಗೂ ಲೇಥ್ ಕೆಲಸಕ್ಕೂ ಹೆಸರಾದ ಬೆಳಗಾವಿಯಲ್ಲಿದ್ದುಕೊಂಡು ಕಡೆದ ಭಾಗಗಳಿಗೆ ಪೌಂಡುಗಳಲ್ಲಿ ಹಣ ಕೊಡಲು ಮನಸ್ಸು ಒಪ್ಪದ ಕಾರಣ ಸಿಲಿಂಡರ್, ಗಾಲಿಗಳು ಮತ್ತು ಫ್ಲೈವೀಲನ್ನು ಎರಕದ ರೂಪದಲ್ಲೇ ತರಿಸಿದೆ. ಬಾಯ್ಲರನ್ನು ಮಾತ್ರ ಬೆಳ್ಳಿ ಬೆಸುಗೆ ಹಾಕಿ ಪರೀಕ್ಷಿಸಿದ್ದನ್ನೇ ಕೊಂಡೆ. ತಾಮ್ರದ ತಗಡುಗಳನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಸಮನಾಗಿ ಕಾಯಿಸಿ, ಒಳಗಿನ ಪ್ರತಿ ಕೊಳವೆಯ ಸುತ್ತಲೂ ಬೆಸುಗೆ ಹರಿಸುವುದು ಅನುಭವಿಗಳ ಕೆಲಸ. ಅಲ್ಲಿ ಉಳಿತಾಯ ಮಾಡಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಜೂನ್ ತಿಂಗಳೆಲ್ಲ ಥ್ರೆಡ್‌ಗಳಿಗೇ, ಅಂದರೆ ಸ್ಕ್ರೂಗಳ ಸುರುಳಿ ಗೆರೆಗಳಿಗೇ ಹೋಯಿತು. ಇಂಗ್ಲೆಂಡಿನ ಮಾದರಿ ಎಂಜಿನ್ನುಗಳಲ್ಲಿ ಇಂದಿಗೂ ಬಿಎ (ಬ್ರಿಟಿಷ್ ಅಸೋಸಿಯೇಷನ್) ಸರಣಿಯ ಸ್ಕ್ರೂಗಳ ಬಳಕೆ ಇದೆ. 0 ಬಿಎ ಎಂದರೆ 6 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್ (ಥ್ರೆಡ್‌ನ ಒಂದು ಸುತ್ತಿನಿಂದ ಮುಂದಿನದಕ್ಕಿರುವ ದೂರ), ಅಲ್ಲಿಂದ ಮುಂದೆ ಅಂಕಿ ಒಂದೊಂದು ಏರಿದಂತೆ ಪಿಚ್ ಹಿಂದಿನದರ ಹತ್ತರಲ್ಲಿ ಒಂಬತ್ತು ಪಾಲಿಗೆ ಇಳಿಯುತ್ತದೆ. ಸಿಲಿಂಡರಿನ ಮುಚ್ಚಳಕ್ಕೆ ಬೇಕಾದದ್ದು 6 ಬಿಎ, ಅಂದರೆ 2.8 ಮಿ.ಮೀ. ವ್ಯಾಸ ಮತ್ತು 0.53 ಮಿ.ಮೀ. ಪಿಚ್. ನಮ್ಮ ಅಂಗಡಿಗಳಲ್ಲಿ ಸಿಗುವ 3 ಮಿ.ಮೀ. ಮೆಟ್ರಿಕ್ ಬೋಲ್ಟಿನ ಪಿಚ್ 0.5 ಮಿ.ಮೀ. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಂಡರೂ ಮೆಟ್ರಿಕ್ ಥ್ರೆಡ್‌ನ ಕೋನ 60 ಡಿಗ್ರಿ, ಬಿಎ ಥ್ರೆಡ್‌ನದು 47.5 ಡಿಗ್ರಿ. ಕಿಟ್‌ನಲ್ಲಿ ಒಂದು ಸ್ಕ್ರೂ ಕಡಿಮೆ ಬಿದ್ದಾಗ ಮೆಟ್ರಿಕ್ ಬೋಲ್ಟನ್ನು ತಿರುಗಿಸಿ ನೋಡಿದೆ. ಎರಡು ಸುತ್ತಿಗೆ ಬಿಗಿದು ನಿಂತು, ರಂಧ್ರದ ಥ್ರೆಡ್ ಹಾಳಾಯಿತು. ಆ ರಂಧ್ರವನ್ನು 3.2 ಮಿ.ಮೀ. ವ್ಯಾಸದ 5 ಬಿಎಗೆ ಹಿಗ್ಗಿಸಿ ಸರಿಪಡಿಸಬೇಕಾಯಿತು. ಇಂತಹ ಕಿಟ್ ಕೊಳ್ಳುವವರು ಅದರೊಂದಿಗೇ ರಂಧ್ರದೊಳಗೆ ಥ್ರೆಡ್ ಕತ್ತರಿಸುವ ಬಿಎ ಟ್ಯಾಪ್‌ಗಳನ್ನೂ, ಹೆಚ್ಚುವರಿ ಸ್ಕ್ರೂಗಳನ್ನೂ ತರಿಸಿಕೊಳ್ಳಬೇಕು. ಆಮೇಲೆ ಅವುಗಳಿಗಾಗಿಯೇ ಇನ್ನೊಂದು ಪಾರ್ಸೆಲ್ ತರಿಸುವುದು ವ್ಯರ್ಥ ಖರ್ಚು.

ಬಾಯ್ಲರಿನ ಬುಷ್‌ಗಳ, ಅಂದರೆ ಒಳಗೆ ಥ್ರೆಡ್ ಇರುವ ಬಾಯಿಗಳ, ಲೆಕ್ಕವೇ ಬೇರೆ. ಅವು ಕಾಲು ಇಂಚು ವ್ಯಾಸದವು, ಇಂಚಿಗೆ 40 ಥ್ರೆಡ್, ಕೋನ 55 ಡಿಗ್ರಿ. ಪ್ರಮಾಣಪತ್ರ ಜೊತೆಗಿದ್ದರೂ ಕಡಲು ದಾಟಿ ಬಂದ ಬಾಯ್ಲರನ್ನು ಇಲ್ಲಿ ಮತ್ತೊಮ್ಮೆ ಪರೀಕ್ಷಿಸದೆ ಒಲೆ ಹಚ್ಚಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ನಮ್ಮ ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಕಡಿಮೆ ಹಿಡಿಯುವ ಬಾಯ್ಲರುಗಳಿಗೆ ಅನ್ವಯಿಸುವುದಿಲ್ಲ. ನನ್ನದು ಒಂದು ಲೀಟರೂ ಹಿಡಿಯುವುದಿಲ್ಲ. ಯಾವ ಇನ್‌ಸ್ಪೆಕ್ಟರೂ ಬಂದು ನೋಡದ ಕಾರಣಕ್ಕೇ ಹೊಣೆಯೆಲ್ಲ ನನ್ನ ಮೇಲಿದೆ.

ಬುಷ್‌ಗಳನ್ನು ಮುಚ್ಚಲು ಬೇಕಾದ ಮೂರು ಕಂಚಿನ ಪ್ಲಗ್‌ಗಳನ್ನು ಇಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗ್‌ನ ಪರಿಚಿತ ಟರ್ನರ್ (ಲೇಥ್ ಕೆಲಸಗಾರ) ಒಬ್ಬರು ಕಡೆದುಕೊಟ್ಟರು. ಅವರ ಹಳೆಯ ಲೇಥಿನಲ್ಲಿ ಇಂಚಿನ ಗೇರುಗಳಿದ್ದುದರಿಂದ 40ರ ಥ್ರೆಡ್ ಕತ್ತರಿಸುವುದು ಕಷ್ಟವಾಗಲಿಲ್ಲ. ಟೂಲನ್ನು 55 ಡಿಗ್ರಿಗೆ ಮಸೆದು, ಮೊದಲ ಪ್ಲಗ್ ಬೆರಳಿನಲ್ಲೇ ನಯವಾಗಿ ಕೂತಾಗ ಅವರ ಮುಖದಲ್ಲಿ ಕಂಡ ಸಂತೋಷ ನನ್ನದಕ್ಕಿಂತ ಕಡಿಮೆಯದಾಗಿರಲಿಲ್ಲ.

ಪರೀಕ್ಷೆ ನಡೆದದ್ದು ಜುಲೈ ಎರಡನೆಯ ಭಾನುವಾರ. ಕೆಲಸದ ಒತ್ತಡ ಚದರ ಇಂಚಿಗೆ 60 ಪೌಂಡ್ ಆದುದರಿಂದ ಪರೀಕ್ಷೆಯ ಒತ್ತಡ ಅದರ ಎರಡರಷ್ಟು, 120 ಪೌಂಡ್. ಬಾಯ್ಲರಿನಲ್ಲಿ ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ಅದನ್ನು ಓರೆ ಮಾಡಿ, ಅಲುಗಾಡಿಸಿ ನೀರು ತುಂಬಿದೆವು. ನೀರು ಒತ್ತಡಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಆದ್ದರಿಂದ ಬೆಸುಗೆ ಬಿಟ್ಟರೂ ಒಂದೆರಡು ಹನಿ ಜಿನುಗಿ ಒತ್ತಡಮಾಪಕದ ಮುಳ್ಳು ಕೆಳಗಿಳಿಯುತ್ತದೆಯೇ ಹೊರತು ಏನೂ ಸಿಡಿಯುವುದಿಲ್ಲ. ಒಳಗೆ ಗಾಳಿ ಉಳಿದರೆ ಅದು ಸ್ಪ್ರಿಂಗಿನಂತೆ ಅದುಮಿಕೊಂಡು ಅಪಾಯ ತರುತ್ತದೆ. ಕೈಪಂಪಿನಿಂದ ಹಂತಹಂತವಾಗಿ ಏರಿಸಿದಾಗ 80ರ ಬಳಿ ಒಂದು ಪ್ಲಗ್ ಜಿನುಗಿತು. ಬಿಚ್ಚಿ ಟೆಫ್ಲಾನ್ ಟೇಪ್ ಸುತ್ತಿ ಬಿಗಿದ ಮೇಲೆ ಮುಳ್ಳು 120ರಲ್ಲಿ ಅರ್ಧ ಗಂಟೆ ಕದಲದೆ ನಿಂತಿತು. ಬೆಂಕಿಗೂಡಿನ ಚಪ್ಪಟೆ ಗೋಡೆಗಳಿಗೆ ಅಂಚುಪಟ್ಟಿ ಹಿಡಿದು ನೋಡಿದರೆ ಉಬ್ಬು ಕಾಣಲಿಲ್ಲ.

ಈ ಮಳೆಗಾಲದಲ್ಲಿ ಕಡೆದ ಬೀಡುಕಬ್ಬಿಣವನ್ನು ರಾತ್ರಿ ಹಾಗೆಯೇ ಬಿಟ್ಟರೆ ಬೆಳಿಗ್ಗೆ ಕೆಂಪು ತುಕ್ಕು ಕಾಣಿಸುತ್ತದೆ. ಫ್ಲೈವೀಲಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿಟ್ಟಿದ್ದೇನೆ. ಇದೇ ಮಳೆ ಬಾಯ್ಲರಿಗೆ ಉಪಕಾರಿ: ಸುಣ್ಣದಂಶವಿಲ್ಲದ ಮಳೆನೀರಿನಿಂದ ಒಳಗೆ ಗಟ್ಟಿ ಪದರು ಕಟ್ಟುವುದಿಲ್ಲ. ಚಾವಣಿಯ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ಎರಡು ಕ್ಯಾನ್ ತುಂಬಿಟ್ಟಿದ್ದೇನೆ. 60 ಪೌಂಡಿನ ಉಗಿಯ ಉಷ್ಣತೆ ಸುಮಾರು 153 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿಯ ಉಗಿ ಹಾಯಿಸುವ ಮೊದಲು, ಸಿಲಿಂಡರಿಗೆ ಉಗಿಯನ್ನು ಸರದಿಯಂತೆ ಬಿಡುವ ಸ್ಲೈಡ್ ವಾಲ್ವಿನ ಹೊಂದಾಣಿಕೆಯನ್ನು ಕಡಿಮೆ ಒತ್ತಡದ ಗಾಳಿಯಿಂದ ಓಡಿಸಿ ಸರಿಪಡಿಸಬೇಕು. ಕಂಪ್ರೆಸರ್ ಇರುವ ಉದ್ಯಮಬಾಗ್‌ನ ಶೆಡ್ಡಿಗೇ ಎಂಜಿನ್ನನ್ನು ಮುಂದಿನ ಭಾನುವಾರ ಒಯ್ಯಲಿದ್ದೇನೆ.