ಮುಂದಿನ ಶತಮಾನಕ್ಕೆ ನೆಟ್ಟ ಸಸಿಗಳು: ಚಿಪ್ಪೆವಾ ಅರಣ್ಯದ ಪ್ರವಾಸ

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದಲ್ಲಿರುವ ಚಿಪ್ಪೆವಾ ರಾಷ್ಟ್ರೀಯ ಅರಣ್ಯಕ್ಕೆ ಬಹುತೇಕ ಪ್ರವಾಸಿಗರು ಬರುವುದು ನೀರನ್ನು ಅರಸಿಕೊಂಡು. ಸುಮಾರು 1,300 ಸರೋವರಗಳು, ಇನ್ನೂ ಕಿರಿದಾಗಿಯೇ ಹರಿಯುವ ಮಿಸಿಸಿಪ್ಪಿ ನದಿ, ದಡದ ಪೈನ್ ಮರಗಳ ತುದಿಯಲ್ಲಿ ಗೂಡು ಕಟ್ಟುವ ಬಿಳಿತಲೆಯ ಹದ್ದುಗಳು, ಇವಿಷ್ಟನ್ನೇ ನೋಡುವುದಕ್ಕೂ ಒಂದು ವಾರ ಸಾಲದು. ಮಿನಿಯಾಪೊಲಿಸ್‌ನಲ್ಲಿ ನೆಲೆಸಿರುವ ನನ್ನ ತಮ್ಮನ ಜೊತೆ ಜೂನ್ ತಿಂಗಳಲ್ಲಿ ನಾನು ಅಲ್ಲಿಗೆ ಹೋದೆ. ಕ್ಯಾಸ್ ಸರೋವರದಲ್ಲಿ ದೋಣಿಯಲ್ಲಿ ತಿರುಗಿದೆವು, ಅದರ ನಡುವಿನ ಸ್ಟಾರ್ ದ್ವೀಪಕ್ಕೆ ಹೋಗಿ ದ್ವೀಪದೊಳಗೇ ಇರುವ ಇನ್ನೊಂದು ಪುಟ್ಟ ಸರೋವರವನ್ನೂ ನೋಡಿದೆವು. ಎಲ್ಲವೂ ಸೊಗಸಾಗಿತ್ತು. ಆದರೂ ಈ ಬರಹಕ್ಕೆ ನನ್ನನ್ನು ಕೂರಿಸಿದ್ದು ಸೊಂಟದೆತ್ತರದ ಕೆಲವು ಸಸಿಗಳು ಮತ್ತು ಅವುಗಳ ನಡುವೆ ನಿಂತು ಆಡಿದ ಮಾತು.

ಮೊದಲು ನೋಡಿದ್ದು ಹಳೆಯ ಮರಗಳನ್ನು. ಬ್ಲ್ಯಾಕ್‌ಡಕ್ ಊರಿನಿಂದ ಪೂರ್ವಕ್ಕೆ ಹೋದರೆ ‘ಲಾಸ್ಟ್ ಫಾರ್ಟಿ’ ಎಂಬ ಜಾಗ ಸಿಗುತ್ತದೆ. 1882ರಲ್ಲಿ ಜೋಸಯಸ್ ಕಿಂಗ್ ಎಂಬುವರ ತಂಡ ಈ ಪ್ರದೇಶವನ್ನು ಅಳತೆ ಮಾಡಿದಾಗ, ಪಕ್ಕದ ಕಾಡಿಂಗ್‌ಟನ್ ಸರೋವರವನ್ನು ನಕ್ಷೆಯಲ್ಲಿ ಅದು ನಿಜವಾಗಿ ಇರುವುದಕ್ಕಿಂತ ದೊಡ್ಡದಾಗಿ ಗುರುತಿಸಿತು. ಅದರಿಂದಾಗಿ 144 ಎಕರೆ ಕಾಡು ಕಾಗದದ ಮೇಲೆ ನೀರಿನ ಪಾಲಾಯಿತು. ಸುತ್ತಲಿನ ಪೈನ್ ಕಾಡೆಲ್ಲ ಕೊಡಲಿಗೆ ಬಿದ್ದ ಆ ದಶಕಗಳಲ್ಲಿ ನಾಟಾ ಕಂಪನಿಗಳು ಇತ್ತ ಸುಳಿಯಲಿಲ್ಲ. ಇಂದು ಅಲ್ಲಿ ಮುನ್ನೂರು ವರ್ಷ ದಾಟಿದ ಕೆಂಪು ಪೈನ್ ಮತ್ತು ಬಿಳಿ ಪೈನ್ ಮರಗಳು ನಿಂತಿವೆ. ಕೆಂಪು ಪೈನಿನ ತೊಗಟೆ ಹಾಳೆ ಹಾಳೆಯಾಗಿ ಏಳುತ್ತದೆ. ಒಂದು ಬುಡದಲ್ಲಿ ಕಪ್ಪಗೆ ಸುಟ್ಟ ತ್ರಿಕೋನಾಕಾರದ ಕಲೆಯಿತ್ತು, ಮತ್ತು ಮರ ಅದರ ಅಂಚನ್ನು ಹೊಸ ತೊಗಟೆಯಿಂದ ಮುಚ್ಚುತ್ತಾ ಬಂದಿತ್ತು. ನೆಲದ ಕಸಕಡ್ಡಿಯನ್ನಷ್ಟೇ ಸುಡುವ ಸಣ್ಣ ಬೆಂಕಿ ಈ ಮರಕ್ಕೆ ಬೇಕು, ಬರಿ ಮಣ್ಣು ಕಾಣದೆ ಅದರ ಬೀಜ ಚೆನ್ನಾಗಿ ಮೊಳೆಯುವುದಿಲ್ಲ. ನಡೆದಾಡುವ ಹಾದಿ ಸುಮಾರು ಒಂದು ಮೈಲಿಯಷ್ಟೇ ಆದರೂ ನಮಗೆ ಅರ್ಧ ದಿನ ಹಿಡಿಯಿತು.

ಮರಳುವಾಗ ಆದದ್ದನ್ನು ಹೇಳದೆ ಮುಂದೆ ಹೋಗಲಾರೆ. ಫೋನಿನ ನಕ್ಷೆ ನಮ್ಮನ್ನು ಹತ್ತಿರದ ದಾರಿಯೆಂದು ಮಣ್ಣಿನ ರಸ್ತೆಯೊಂದಕ್ಕೆ ತಿರುಗಿಸಿತು. ಅದು ಮರ ಸಾಗಿಸಲು ಎಂದೋ ಮಾಡಿ ಈಗ ಕೈಬಿಟ್ಟಿರುವ ರಸ್ತೆ. ಎರಡು ಮೈಲಿಯ ನಂತರ ಸಡಿಲ ಮರಳಿನಲ್ಲಿ ಕಾರು ಹೂತುಹೋಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ತಮ್ಮ ಮುಖ್ಯ ರಸ್ತೆಯವರೆಗೆ ನಡೆದು ಹೋಗಿ, ಟ್ರ್ಯಾಕ್ಟರ್ ಇದ್ದವರೊಬ್ಬರನ್ನು ಕರೆತರುವಷ್ಟರಲ್ಲಿ ಸಂಜೆಯಾಗಿತ್ತು. ಅಷ್ಟು ಹೊತ್ತೂ ಸೊಳ್ಳೆಗಳ ಕಾಟದಿಂದ ನಾನು ಕಾರಿನ ಗಾಜು ಇಳಿಸುವಂತಿರಲಿಲ್ಲ. ಯಾವ ಯಾವ ದಾರಿಯಲ್ಲಿ ವಾಹನ ಹೋಗಬಹುದೆಂದು ತೋರಿಸುವ ಕಾಗದದ ನಕ್ಷೆ ಅರಣ್ಯ ಕಚೇರಿಗಳಲ್ಲಿ ಉಚಿತವಾಗಿ ಸಿಗುತ್ತದೆ. ಈ ಕಡೆಗೆ ಹೋಗುವವರು ಬೇರೆಲ್ಲಕ್ಕಿಂತ ಮೊದಲು ಅದನ್ನು ಕೈಗೆ ತೆಗೆದುಕೊಳ್ಳಬೇಕು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಂಡು ನಡೆಯುವುದೂ ಅಷ್ಟೇ ಮುಖ್ಯ, ಏಕೆಂದರೆ ಅಲ್ಲಿನ ಜಿಂಕೆ ಉಣ್ಣೆಗಳು ಲೈಮ್ ಕಾಯಿಲೆಯನ್ನು ಹರಡುತ್ತವೆ.

ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಉತ್ತರಕ್ಕಿರುವ ಮಾರ್ಸೆಲ್ ಪ್ರಾಯೋಗಿಕ ಅರಣ್ಯವನ್ನು ಮುಂಚಿತವಾಗಿ ಒಪ್ಪಿಗೆ ಪಡೆದ ಒಂದು ಗುಂಪಿನ ಜೊತೆ ನೋಡಿದೆವು. ಇಲ್ಲಿನ ಜೌಗುನೆಲದಲ್ಲಿ ಸತ್ತ ಪಾಚಿ ಕೊಳೆಯದೆ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಶೇಖರವಾಗಿ ಎರಡು ಮೂರು ಮೀಟರ್ ಆಳದ ಪೀಟ್ ಆಗಿದೆ. ಆ ಜೌಗಿನ ಮೇಲೆ ಎಂಟು ಮೀಟರ್ ಎತ್ತರದ, ಪಾರದರ್ಶಕ ಗೋಡೆಯ, ಛಾವಣಿಯಿಲ್ಲದ ಹತ್ತು ಕೋಣೆಗಳನ್ನು ಕಟ್ಟಿ, 2015ರಿಂದ ಒಳಗಿನ ಗಾಳಿಯನ್ನೂ ಆಳದ ಮಣ್ಣನ್ನೂ ಬೇರೆ ಬೇರೆ ಮಟ್ಟದಲ್ಲಿ, ಗರಿಷ್ಠ 9 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಚ್ಚು ಬಿಸಿ ಮಾಡಿ ಪರೀಕ್ಷಿಸಿದ್ದಾರೆ. ಅರ್ಧದಷ್ಟು ಕೋಣೆಗಳಿಗೆ ಹೆಚ್ಚುವರಿ ಇಂಗಾಲದ ಡೈಆಕ್ಸೈಡನ್ನೂ ಬಿಟ್ಟಿದ್ದಾರೆ. ಹಲಗೆಯ ಹಾದಿ ಬಿಟ್ಟು ಕಾಲಿಡುವಂತಿಲ್ಲ. ಹೊರಗೆ ಸ್ಫ್ಯಾಗ್ನಮ್ ಪಾಚಿ ಹಸಿರು-ಕೆಂಪು ಬಣ್ಣದಲ್ಲಿ ಉಬ್ಬಿಕೊಂಡಿತ್ತು. ಅತಿ ಬಿಸಿಯ ಕೋಣೆಯಲ್ಲಿ ಪಾಚಿ ಸೊರಗಿ, ಅದರ ಜಾಗವನ್ನು ಕುರುಚಲು ಗಿಡಗಳು ಹಿಡಿದಿದ್ದವು. ಇಷ್ಟು ಕಾಲ ಇಂಗಾಲವನ್ನು ಹಿಡಿದಿಟ್ಟುಕೊಂಡಿದ್ದ ಜೌಗು, ಬಿಸಿಯೇರಿದಂತೆ ಅದನ್ನು ಹೊರಗೆ ಬಿಡತೊಡಗುತ್ತದೆ ಎಂಬುದನ್ನು ಇಲ್ಲಿನ ಅಳತೆಗಳು ತೋರಿಸಿವೆ. ಓದಿ ತಿಳಿದಿದ್ದ ಸಂಗತಿಯೇ ಆದರೂ ಎರಡೂ ಪಾಚಿಗಳನ್ನು ಒಂದೇ ಬೆಳಿಗ್ಗೆ ಕಣ್ಣಾರೆ ಕಂಡಾಗ ನನಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ.

ಅದೇ ಗುಂಪಿನ ಜೊತೆ ಮರುದಿನ ಕಟ್‌ಫುಟ್ ಪ್ರಾಯೋಗಿಕ ಅರಣ್ಯಕ್ಕೆ ಹೋದೆವು. 1932ರಿಂದ ಕೆಂಪು ಪೈನಿನ ಅಧ್ಯಯನ ನಡೆಯುತ್ತಿರುವ ಜಾಗವಿದು. ಮುಂದೆ ಬರಲಿರುವ ಬಿಸಿ ಹವೆಯಲ್ಲಿ ಈ ಕಾಡನ್ನು ಹೇಗೆ ನೋಡಿಕೊಳ್ಳಬೇಕೆಂದು ತಿಳಿಯಲು ಇಲ್ಲಿ ಸುಮಾರು ನೂರು ವರ್ಷದ ಪೈನ್ ಕಾಡನ್ನು ನಾಲ್ಕು ಬಗೆಯಲ್ಲಿ ನಿರ್ವಹಿಸುತ್ತಿದ್ದಾರೆ. ಒಂದು ಬಗೆಯಲ್ಲಿ ಏನನ್ನೂ ಮಾಡುವುದಿಲ್ಲ. ಇನ್ನೊಂದರಲ್ಲಿ ಮರಗಳನ್ನು ಒಂದೇ ಸಮನಾಗಿ ತೆಳುಮಾಡಿ, ಉಳಿದವಕ್ಕೆ ನೀರು ಸಾಕಾಗುವಂತೆ ನೋಡಿಕೊಳ್ಳುತ್ತಾರೆ. ಮೂರನೆಯದರಲ್ಲಿ ಕೆಲವೆಡೆ ದಟ್ಟವಾಗಿ ಬಿಟ್ಟು, ಕೆಲವೆಡೆ ಬಯಲು ಮಾಡಿ, ಕಾಡಿನೊಳಗೆ ವೈವಿಧ್ಯ ತರುತ್ತಾರೆ. ನಾಲ್ಕನೆಯದರಲ್ಲಿ ಬಯಲು ಮಾಡಿದ ಜಾಗದಲ್ಲಿ, ಮುಂದಿನ ಹವೆಗೆ ಹೊಂದಬಹುದಾದ ಬೇರೆ ಜಾತಿಯ ಸಸಿಗಳನ್ನು 2016ರಲ್ಲಿ ನೆಟ್ಟಿದ್ದಾರೆ. ಅವುಗಳಲ್ಲಿ ಓಕ್ ಇದೆ, ಬಿಳಿ ಪೈನ್ ಇದೆ, ಇನ್ನೂ ಪಶ್ಚಿಮದ ಒಣ ಪ್ರದೇಶಗಳಲ್ಲಿ ಬೆಳೆಯುವ ಪಾಂಡೆರೋಸಾ ಪೈನ್ ಕೂಡ ಇದೆ.

ಪಾಂಡೆರೋಸಾ ಸಸಿಯ ಮುಂದೆ ನನ್ನ ಕಾಲು ನಿಂತುಬಿಟ್ಟಿತು. ನಾನು ಮಲೆನಾಡಿನವಳು. ಕಾಗದದ ಕಾರ್ಖಾನೆಗಾಗಿ ಗುಡ್ಡಗಳ ಮೇಲೆ ಅಕೇಶಿಯಾ ಮತ್ತು ನೀಲಗಿರಿ ನೆಡುತೋಪುಗಳು ಎದ್ದದ್ದನ್ನೂ, ಅವುಗಳ ಅಡಿಯಲ್ಲಿ ಬೇರೇನೂ ಬೆಳೆಯದಿದ್ದುದನ್ನೂ, ಕೊನೆಗೆ ಕರ್ನಾಟಕ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದನ್ನೂ ಕಂಡವಳು. ಗುಂಪನ್ನು ಕರೆದೊಯ್ದಿದ್ದವರು ನಿವೃತ್ತ ಅರಣ್ಯಾಧಿಕಾರಿಯೊಬ್ಬರು, ಎಪ್ಪತ್ತು ದಾಟಿದವರು. ಹೊರಗಿನ ಮರವನ್ನು ತಂದು ಸಾರ್ವಜನಿಕ ಕಾಡಿನಲ್ಲಿ ನೆಡುವುದು ಸರಿಯೇ ಎಂದು ಅವರನ್ನು ನೇರವಾಗಿ ಕೇಳಿದೆ. ಅವರು ಬೇಸರಿಸಲಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ತಾವೇ ಕೆಂಪು ಪೈನನ್ನು ಸಾಲು ಸಾಲಾಗಿ ನೆಡಿಸಿದ್ದಾಗಿಯೂ, ಒಂದೇ ವಯಸ್ಸಿನ ಒಂದೇ ಜಾತಿಯ ಆ ಸಾಲುಗಳು ರೋಗಕ್ಕೂ ಬರಕ್ಕೂ ಒಟ್ಟಿಗೆ ಈಡಾಗುತ್ತವೆಂಬ ಚಿಂತೆ ಈಗ ಎಲ್ಲರಿಗೂ ಇರುವುದಾಗಿಯೂ ಹೇಳಿದರು. “ಒಂದೇ ಉತ್ತರವನ್ನು ನಂಬಿ ಇಡೀ ಕಾಡನ್ನು ಅದರ ಕೈಗೆ ಕೊಡಬಾರದು ಎಂಬುದಕ್ಕೇ ನಾಲ್ಕು ಬಗೆ. ಸುಮ್ಮನಿರುವುದೂ ಒಂದು ತೀರ್ಮಾನವೇ, ಅದರ ಫಲವನ್ನೂ ಅಳೆದು ನೋಡಬೇಕು” ಎಂದರು.

ನಮ್ಮ ಗುಂಪಿನಲ್ಲಿ ಲೀಚ್ ಲೇಕ್ ಒಜಿಬ್ವೆ ಎಂಬ ಮೂಲನಿವಾಸಿ ಸಮುದಾಯದ ಮಹಿಳೆಯೊಬ್ಬರಿದ್ದರು. ಅವರ ರಿಸರ್ವೇಶನ್ನಿನ, ಅಂದರೆ ಆ ಸಮುದಾಯಕ್ಕೆಂದು ಕಾದಿಟ್ಟ ನೆಲದ, ಬಹುಭಾಗ ಈ ರಾಷ್ಟ್ರೀಯ ಅರಣ್ಯದ ಎಲ್ಲೆಯೊಳಗೇ ಇದೆ. 1889ರ ಕಾಯ್ದೆಯ ನಂತರ ಅವರ ನೆಲ ಕೈತಪ್ಪುತ್ತಾ ಹೋಯಿತು, 1908ರಲ್ಲಿ ಅದರ ಮೇಲೆಯೇ ರಾಷ್ಟ್ರೀಯ ಅರಣ್ಯ ರೂಪುಗೊಂಡಿತು. ಒಪ್ಪಿಗೆಯಿಲ್ಲದೆ ವರ್ಗಾವಣೆಯಾಗಿದ್ದ ಸುಮಾರು 11,760 ಎಕರೆಯನ್ನು ಹಿಂದಿರುಗಿಸುವ ಕಾಯ್ದೆ 2020ರ ಡಿಸೆಂಬರಿನಲ್ಲಷ್ಟೇ ಬಂತು. ಅವರು ಮೃದುವಾಗಿಯೇ ಮಾತನಾಡಿದರು, ಆದರೆ ಹೇಳಬೇಕಾದುದನ್ನು ಪೂರ್ತಿಯಾಗಿ ಹೇಳಿದರು. ಬುಟ್ಟಿಗೂ ದೋಣಿಗೂ ತೊಗಟೆ ಕೊಡುವ ಬರ್ಚ್ ಮರ ತಂಪನ್ನು ಹುಡುಕಿಕೊಂಡು ಉತ್ತರಕ್ಕೆ ಸರಿಯಬಹುದು, ಸರೋವರದ ಕಾಡುಭತ್ತವೂ ಸರಿಯಬಹುದು. ರಿಸರ್ವೇಶನ್ನಿನ ಗಡಿ ಮಾತ್ರ ಅವುಗಳ ಜೊತೆ ಸರಿಯುವುದಿಲ್ಲ. ಹೊಸ ಜಾತಿ ನೆಡುವ ಮೊದಲು, ಇಲ್ಲಿಯೇ ಇರುವ ಜಾತಿಗಳು ಉಳಿಯಲು ಏನು ಬೇಕೆಂದು ತಮ್ಮವರನ್ನು ಕೇಳಬೇಕು, ನೆಲಕ್ಕೆ ಸಣ್ಣ ಬೆಂಕಿ ಕೊಡುವ ರೂಢಿ ತಮ್ಮ ಹಿರಿಯರಲ್ಲಿತ್ತು ಎಂದರು. ಅಧಿಕಾರಿ ತಲೆಯಾಡಿಸಿ, ಆ ಬೆಂಕಿಯನ್ನು ದಶಕಗಳ ಕಾಲ ತಡೆದದ್ದು ತಮ್ಮ ಇಲಾಖೆಯ ದೊಡ್ಡ ತಪ್ಪು ಎಂದು ಒಪ್ಪಿಕೊಂಡರು. ಇಬ್ಬರೂ ಒಂದೇ ತೀರ್ಮಾನಕ್ಕೆ ಬರಲಿಲ್ಲ. ಪಾಂಡೆರೋಸಾದ ಬಗ್ಗೆ ನನ್ನ ಅಳುಕೂ ಪೂರ್ತಿ ಹೋಗಲಿಲ್ಲ; ಆದರೆ ಮಲೆನಾಡಿನಲ್ಲಿ ಅಕೇಶಿಯಾ ನೆಡುವಾಗ ಇಂಥ ಮಾತು ನಮ್ಮೂರಿನವರ ಎದುರಿಗೆ ನಡೆಯಲಿಲ್ಲವಲ್ಲ ಎಂಬ ಸಂಕಟ ಈಗಲೂ ಇದೆ.

ಪಕ್ಕದ ಬಿಳಿ ಪೈನ್ ಸಸಿಗಳ ತುದಿಯ ಮೊಗ್ಗಿಗೆ ಅಂಗೈಯಷ್ಟು ಬಿಳಿ ಕಾಗದ ಸುತ್ತಿ ಸ್ಟೇಪ್ಲರ್ ಪಿನ್ನು ಹೊಡೆದಿದ್ದರು. ಚಳಿಗಾಲದಲ್ಲಿ ಮೇವಿಲ್ಲದ ಜಿಂಕೆಗಳು ಆ ಮೊಗ್ಗನ್ನು ಕಚ್ಚಿ ತಿಂದರೆ ಸಸಿ ನೆಟ್ಟಗೆ ಏಳುವುದಿಲ್ಲ. ಪ್ರತಿ ಶರತ್ಕಾಲದಲ್ಲಿ ಸಸಿ ಸಸಿಗೂ ಬಾಗಿ ಹೊಸ ಕಾಗದ ಸುತ್ತಬೇಕು. ಜಿಂಕೆಗೆ ಎಟುಕದಷ್ಟು ಸಸಿ ಬೆಳೆಯುವವರೆಗೂ ವರ್ಷ ವರ್ಷವೂ ಇದನ್ನು ಮಾಡಬೇಕು. ಮಳೆಗೆ ನೆನೆದು ಹರಿದಿದ್ದ ಒಂದು ಕಾಗದದ ಒಳಗಿನಿಂದ ಆ ವರ್ಷದ ಚಿಗುರು ಒಂದು ಗೇಣು ಮೇಲೆ ಬಂದಿತ್ತು.

ಹೊರಡುವ ದಿನ ಕ್ಯಾಸ್ ಲೇಕ್ ಊರಿನ ಅರಣ್ಯ ಕಚೇರಿಗೆ ಹೋದೆವು. 1930ರ ದಶಕದಲ್ಲಿ ಕೆಂಪು ಪೈನ್ ದಿಮ್ಮಿಗಳಿಂದಲೇ ಕಟ್ಟಿದ ಮೂರಂತಸ್ತಿನ ಕಟ್ಟಡವದು. ಮುಂದೆ ಎಲ್ಲಿ ಮರ ಕಡಿಯಬೇಕೆಂದಿದ್ದಾರೆ, ಎಲ್ಲಿ ಬೆಂಕಿ ಕೊಡಬೇಕೆಂದಿದ್ದಾರೆ, ಯಾವ ಹಾದಿ ಮುಚ್ಚಲಿದ್ದಾರೆ ಎಂಬುದರ ನಕ್ಷೆಯೂ ಪ್ರಕಟಣೆಯೂ ಅಲ್ಲಿ ನೋಡಸಿಕ್ಕವು. ಅಭಿಪ್ರಾಯ ಕಳುಹಿಸಲು ಕೊನೆಯ ದಿನಾಂಕವೂ ಅದರಲ್ಲಿತ್ತು. ಅಮೆರಿಕದ ಪ್ರಜೆಯಲ್ಲದವರು ಬರೆಯಬಹುದೇ ಎಂದು ತಮ್ಮ ಕೇಳಿದ. ಯಾರು ಬೇಕಾದರೂ ಬರೆಯಬಹುದು, ಜಾಗವನ್ನು ನೋಡಿದವರು ಬರೆದರೆ ಇನ್ನೂ ಒಳ್ಳೆಯದು ಎಂದು ಅಲ್ಲಿದ್ದವರು ಒಂದು ಪ್ರತಿ ಕೊಟ್ಟರು. “ಅಕ್ಕ, ಬೆಂಕಿಯ ವಿಚಾರ ಮೊದಲು ಬರೆಯಲೋ, ಸಸಿಯ ವಿಚಾರವೋ?” ಎಂದು ಅವನು ಕಾರಿನಲ್ಲೇ ಶುರುಮಾಡಿದ. ಬೆಂಕಿಯದೇ ಮೊದಲು ಬರಲಿ, ಆ ಮಹಿಳೆ ಹೇಳಿದ್ದನ್ನು ಬಿಡಬೇಡ ಎಂದೆ. ಮಿನಿಯಾಪೊಲಿಸ್ ತಲುಪುವಷ್ಟರಲ್ಲಿ ಎರಡು ಪುಟದ ಕರಡು ಸಿದ್ಧವಾಗಿತ್ತು, ಅವನು ಹೇಳುತ್ತಾ ಹೋದ, ನಾನು ಬರೆದುಕೊಂಡೆ.